ಬಿಡಬೇಕಾದ ಮಾತ್ರೆ, ಬಿಡಬಾರದ ಮಾತ್ರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದಿನಾ ನುಂಗುವ ಮಾತ್ರೆಗಳ ಬಗ್ಗೆಯೇ ಇವೆ. ಬಿಪಿ, ಥೈರಾಯ್ಡ್, ಗ್ಯಾಸ್ಟ್ರಿಕ್, ಮಂಡಿ ನೋವು, ನಿದ್ದೆ. ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ವಿಷಯ ಎದ್ದು ಕಂಡಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೀವನಪೂರ್ತಿ ಬೇಕಾದ ಮಾತ್ರೆಯನ್ನು ನಮ್ಮ ಜನ ನಾಲ್ಕು ತಿಂಗಳಿಗೆ ಬಿಟ್ಟುಬಿಡುತ್ತಾರೆ. ನಾಲ್ಕು ದಿನಕ್ಕೆ ಅಂತ ಕೊಟ್ಟ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಾರೆ. ನೋವಿನ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ಹಾಯೆನಿಸುತ್ತದೆ, ಬಿಪಿ ಮಾತ್ರೆ ನುಂಗಿದರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲನೆಯದರ ಮೇಲೆ ನಂಬಿಕೆ, ಎರಡನೆಯದರ ಮೇಲೆ ಅನುಮಾನ. ಮನೆಯಲ್ಲಿರುವ ಒಂದೊಂದು ಮಾತ್ರೆಯನ್ನೂ ಕೈಗೆತ್ತಿಕೊಂಡು, ಇದು ಯಾತಕ್ಕೆ, ಎಲ್ಲಿವರೆಗೆ ಅಂತ ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ನನಗೆ 52 ವರ್ಷ. ಎರಡು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದೇನೆ. ಈಗ ಚೆಕ್ ಮಾಡಿಸಿದಾಗಲೆಲ್ಲ 124/80 ಬರುತ್ತದೆ. ನಾರ್ಮಲ್ ಆಯ್ತಲ್ಲ, ಇನ್ನೂ ಯಾಕೆ ನುಂಗ್ತೀರಿ, ಮಾತ್ರೆಯಿಂದ ಕಿಡ್ನಿ ಹೋಗುತ್ತೆ ಅಂತ ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ಬಿಡಬಹುದಾ ಡಾಕ್ಟ್ರೇ?
— ಓದುಗರು, ಹಾಸನ

ಉತ್ತರ: ಬಿಡಬೇಡಿ. 124/80 ಬರುತ್ತಿರುವುದೇ ಮಾತ್ರೆಯಿಂದ. ನಿಲ್ಲಿಸಿದರೆ ಕೆಲವು ದಿನಗಳಲ್ಲೋ ವಾರಗಳಲ್ಲೋ ಬಿಪಿ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ, ಏರಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ತಲೆನೋವು, ತಲೆಸುತ್ತು ಬಂದರೆ ಮಾತ್ರ ಬಿಪಿ ಜಾಸ್ತಿಯಾಗಿದೆ ಅಂತ ತುಂಬ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಮೇಲಿನ ಸಂಖ್ಯೆ 180 ಇದ್ದರೂ ಆರಾಮಾಗಿ ಓಡಾಡಿಕೊಂಡಿರುವವರು ಬೇಕಾದಷ್ಟು ಜನ ಇದ್ದಾರೆ. ಮೊದಲ ಲಕ್ಷಣವೇ ಲಕ್ವ ಅಥವಾ ಹಾರ್ಟ್ ಅಟ್ಯಾಕ್ ಆಗಿರುವುದೂ ಉಂಟು.

ಕಿಡ್ನಿಯ ಮಾತು ಪೂರ್ತಿ ಉಲ್ಟಾ ಆಗಿದೆ. ಕಿಡ್ನಿಯನ್ನು ಹಾಳು ಮಾಡುವುದು ಹತೋಟಿಗೆ ಬಾರದ ಬಿಪಿ. ಡಯಾಲಿಸಿಸ್‌ವರೆಗೆ ಕರೆದೊಯ್ಯುವ ಕಾರಣಗಳಲ್ಲಿ ಶುಗರ್ ಜೊತೆ ಬಿಪಿಯೂ ಮುಂಚೂಣಿಯಲ್ಲಿದೆ. ಟೆಲ್ಮಿಸಾರ್ಟಾನ್ ಥರದ ಮಾತ್ರೆಗಳನ್ನು ಶುಗರ್ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರಿಗೆ ಕಿಡ್ನಿ ಕಾಪಾಡಲೆಂದೇ ಕೊಡುತ್ತೇವೆ.

ಹಾಗಂತ ತೊಂದರೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಟೆಲ್ಮಿಸಾರ್ಟಾನ್ ಶುರು ಮಾಡಿದ ಕೆಲವು ವಾರಕ್ಕೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಂಶ) ಮತ್ತು ಪೊಟ್ಯಾಸಿಯಂ ನೋಡಿಸಬೇಕು. ಈ ಮಾತ್ರೆ ತಗೊಳ್ಳುವವರು ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ಡಾಕ್ಟರನ್ನು ಕೇಳದೆ ಬಳಸಬಾರದು, ಯಾಕೆಂದರೆ ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಎರಡೂ ಸೇರಿ ಹೃದಯದ ಬಡಿತವೇ ಏರುಪೇರಾಗಬಹುದು. ವಿಪರೀತ ವಾಂತಿ ಭೇದಿ ಆದ ದಿನ ಮಾತ್ರೆ ತಗೊಳ್ಳಬೇಕಾ ಅಂತ ಫೋನ್ ಮಾಡಿ ಕೇಳಿ. ಗರ್ಭಿಣಿಯರು ಇದನ್ನು ತಗೊಳ್ಳಲೇಬಾರದು. ಇನ್ನು ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ. ಅದರಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಊದಿದ್ದು ನೋಡಿ ಕಿಡ್ನಿ ಹೋಯಿತು ಅಂತ ಗಾಬರಿಯಾಗಿ ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಹೋಗಿ ತೋರಿಸಿ, ಡೋಸ್ ಇಳಿಸಬಹುದು ಅಥವಾ ಬೇರೆ ಮಾತ್ರೆ ಕೊಡಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್ ತಗೊಳ್ಳುವವರಂತೂ ಒಂದೇ ದಿನಕ್ಕೆ ನಿಲ್ಲಿಸಲೇಬಾರದು. ಹೃದಯದ ತೊಂದರೆ ಇದ್ದವರಿಗೆ ಅದರಿಂದ ಎದೆನೋವು, ಅಟ್ಯಾಕ್ ಆಗುವ ಅಪಾಯ ಇದೆ.

ಮಾತ್ರೆ ಕಡಿಮೆಯಾಗುವ ದಾರಿಯೂ ಇದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸಾಂಬಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲ ಸೇರಿ ಒಂದು ಟೀ ಚಮಚದ ಒಳಗೆ. ಉಪ್ಪು ಇಳಿಸಿ, ತೂಕ ಇಳಿಸಿ, ದಿನಾ ನಡೆದು, ಬಿಪಿ 110ರ ಹತ್ತಿರ ಬಂದು ಎದ್ದು ನಿಂತರೆ ಕಣ್ಣು ಕತ್ತಲೆ ಬರುವ ಹಾಗಾದರೆ ಡಾಕ್ಟರೇ ಡೋಸ್ ಇಳಿಸುತ್ತಾರೆ. ಪಕ್ಕದ ಮನೆಯವರ ಮಾತಿನ ಮೇಲೆ ಇಳಿಸುವುದು ಬೇಡ.

ಪ್ರಶ್ನೆ: ನಮ್ಮ ಅವ್ವನಿಗೆ 63 ವರ್ಷ. ಹೊಲದ ಕೆಲಸ ಮಾಡಿ ಮಂಡಿ ಸವೆದಿವೆ. ಬಿಪಿ, ಶುಗರ್ ಎರಡೂ ಇವೆ. ಸಂತೆಗೆ ಹೋದಾಗ ಒಂದು ಕಡೆ ನೋವಿನ ಗುಳಿಗೆ ತರುತ್ತಾಳೆ. ಚೀಟಿ ಇಲ್ಲ, ಹೆಸರಿಲ್ಲ. ಕಾಗದದ ಪೊಟ್ಟಣದಲ್ಲಿ ಮೂರು ಥರದ ಗುಳಿಗೆ ಕಟ್ಟಿಕೊಡುತ್ತಾರೆ. ಅದನ್ನು ತಗೊಂಡರೆ ಮಾತ್ರ ನಡೆದಾಡುತ್ತಾಳೆ, ಬಿಟ್ಟರೆ ಹಾಸಿಗೆ. ಈಗ ಶುಗರ್ ಹತೋಟಿಗೆ ಬರುತ್ತಿಲ್ಲ, ಮುಖ ಊದಿಕೊಂಡ ಹಾಗಿದೆ. ಏನು ಮಾಡೋದು?
— ಮಗಳು, ಗದಗ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ, ಯಾಕೆಂದರೆ ಇಂಥ ಪೊಟ್ಟಣ ರಾಜ್ಯದ ಎಲ್ಲ ಕಡೆ ಇದೆ.

ಆ ಪೊಟ್ಟಣದಲ್ಲಿ ಏನಿದೆ ಅಂತ ನೋಡದೆ ನಿಖರವಾಗಿ ಹೇಳಲಾಗದು. ಸಾಮಾನ್ಯವಾಗಿ ಇಂಥ ಪೊಟ್ಟಣ ಬಿಚ್ಚಿದರೆ ಒಂದು ನೋವಿನ ಮಾತ್ರೆ ಇರುತ್ತದೆ, ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್. ಒಂದು ಗ್ಯಾಸ್ಟ್ರಿಕ್ ಮಾತ್ರೆ. ಮೂರನೆಯದು ಒಂದು ಪುಟಾಣಿ ಮಾತ್ರೆ. ಎಷ್ಟೋ ಸಲ ಆ ಪುಟಾಣಿಯೇ ಸ್ಟೀರಾಯ್ಡ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್. ಮುಖ ಗುಂಡಗೆ ಊದಿಕೊಳ್ಳುವುದು, ಶುಗರ್ ಏರುವುದು, ಹಸಿವು ಜಾಸ್ತಿಯಾಗುವುದು, ಚರ್ಮ ತೆಳುವಾಗಿ ಸ್ವಲ್ಪ ತಗುಲಿದರೂ ಕಂದುಗಟ್ಟುವುದು, ಇವೆಲ್ಲ ಸ್ಟೀರಾಯ್ಡ್ ಬಹಳ ದಿನ ಹೊಟ್ಟೆಗೆ ಹೋಗುತ್ತಿರುವುದರ ಲಕ್ಷಣ. ನಿಮ್ಮ ಅವ್ವನಲ್ಲಿ ಆಗಲೇ ಎರಡು ಕಾಣುತ್ತಿವೆ. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಅಸ್ತಮಾ ಜೋರಾದಾಗ, ಮೈಯ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕೀಲು ಕೆಡಿಸುವಾಗ ಅದು ಜೀವ ಉಳಿಸುತ್ತದೆ. ಆದರೆ ಸವೆದ ಮಂಡಿಗೆ ದಿನಾ ನುಂಗುವ ಔಷಧಿ ಅದಲ್ಲ. ಮೂಳೆಯನ್ನೇ ಟೊಳ್ಳು ಮಾಡುತ್ತದೆ.

ಬಹಳ ಮುಖ್ಯವಾದ ಮಾತು ಇದು. ಈ ಪತ್ರ ಓದಿ ಇವತ್ತೇ ಪೊಟ್ಟಣ ಕಿತ್ತು ಬಿಸಾಡಬೇಡಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೊರಗಿನಿಂದ ಸಿಕ್ಕರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು, ಸುಸ್ತಾಗಿ, ವಾಂತಿಯಾಗಿ, ಪ್ರಾಣಕ್ಕೇ ಬರಬಹುದು. ಪೊಟ್ಟಣದ ಸಮೇತ ಅವ್ವನನ್ನು ತಾಲೂಕು ಆಸ್ಪತ್ರೆಯ ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋಗಿ. ಎಷ್ಟು ದಿನದಿಂದ ತಗೊಳ್ಳುತ್ತಿದ್ದಾರೆ ಅಂತ ಮುಚ್ಚಿಡದೆ ಹೇಳಿ. ಅವರು ಹಂತ ಹಂತವಾಗಿ ಇಳಿಸುತ್ತಾರೆ.

ಇನ್ನು ನೋವಿನ ಮಾತ್ರೆ. ನೋವು, ಊತ ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತುವನ್ನು ಅದು ತಡೆಯುತ್ತದೆ. ತೊಂದರೆ ಇರುವುದು ಇಲ್ಲೇ. ಹೊಟ್ಟೆಯ ಒಳಪದರವನ್ನು ಆಸಿಡ್‌ನಿಂದ ಕಾಯುವುದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವ ಹಾಗೆ ನೋಡಿಕೊಳ್ಳುವುದೂ ಅದೇ ವಸ್ತು. ಹಾಗಾಗಿ ಮಂಡಿಗೆ ಆರಾಮ ಸಿಗುವಾಗ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಯಲ್ಲಿ ರಕ್ತ ಕಡಿಮೆ. ಬಿಪಿಯನ್ನೂ ಏರಿಸುತ್ತದೆ. ಬಿಪಿಗೆ ಟೆಲ್ಮಿಸಾರ್ಟಾನ್ ಥರದ್ದು, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ, ಇವೆರಡರ ಮೇಲೆ ನೋವಿನ ಮಾತ್ರೆ, ಮೂರೂ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ನೀರು ಕಡಿಮೆ ಕುಡಿಯುವವರಿಗೆ ಈ ಅಪಾಯ ಇನ್ನೂ ಜಾಸ್ತಿ. ಮಲ ಡಾಂಬರಿನ ಹಾಗೆ ಕಪ್ಪಗೆ ಹೋದರೆ ಒಳಗೆ ರಕ್ತ ಸೋರುತ್ತಿದೆ ಅಂತ ತಿಳಿದು ಆವತ್ತೇ ಆಸ್ಪತ್ರೆಗೆ ಓಡಿ.

ಡೈಕ್ಲೋಫೆನಾಕ್ ಕಿಡ್ನಿಗೆ ಏನು ಮಾಡಬಲ್ಲದು ಅನ್ನುವುದಕ್ಕೆ ನಮ್ಮ ಕಣ್ಣೆದುರೇ ಒಂದು ಸಾಕ್ಷಿ ಇದೆ. ದನಗಳಿಗೆ ಈ ಇಂಜೆಕ್ಷನ್ ಕೊಡುತ್ತಿದ್ದರು. ಅಂಥ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದುಗಳ ಕಿಡ್ನಿ ನಿಂತು, ದೇಶದಲ್ಲಿ ಅವುಗಳ ಸಂತತಿಯೇ ಹೆಚ್ಚುಕಡಿಮೆ ಅಳಿದುಹೋಯಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನೇ ಸರ್ಕಾರ ನಿಷೇಧಿಸಿತು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಬೇಕಾಗಿ ಬಂದದ್ದೂ ಉಳಿದಿರುವ ಕೆಲವನ್ನಾದರೂ ಕಾಪಾಡಲಿಕ್ಕೆ. ಮನುಷ್ಯರ ಮೈ ಈ ಔಷಧಿಯನ್ನು ಹದ್ದಿಗಿಂತ ಎಷ್ಟೋ ಚೆನ್ನಾಗಿ ಹೊರಹಾಕುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಆಗಲೇ ಶುಗರ್, ಬಿಪಿ ಇರುವ ಕಿಡ್ನಿಗೆ ದಿನಾ ಈ ಭಾರ ಹೊರಿಸಬಾರದು.

ಹಾಗಾದರೆ ಅವ್ವ ನೋವು ತಿನ್ನುತ್ತಾ ಕೂರಬೇಕಾ? ಖಂಡಿತ ಇಲ್ಲ. ನೋವಿಲ್ಲದೆ ನಡೆಯುವುದು ಅವರ ಹಕ್ಕು. ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ನೋವಿಗೆ ಡಾಕ್ಟರು ಹೇಳಿದ ಲೆಕ್ಕದಲ್ಲಿ ಪ್ಯಾರಾಸಿಟಮಾಲ್, ಜೊತೆಗೆ ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್. ಹಚ್ಚಿದ್ದು ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಮಂಡಿಯ ಮಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಹತ್ತು ಎಣಿಸುವವರೆಗೆ ಹಾಗೇ ಹಿಡಿದು ಇಳಿಸುವುದು, ಹೀಗೆ ದಿನಕ್ಕೆ ಎರಡು ಹೊತ್ತು ಮಾಡಿಸಿ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವ ಕೆಲಸ ನೀವೇ ತಗೊಳ್ಳಿ. ಎರಡು ತಿಂಗಳಾದರೂ ಬೇಕು, ತಾಳ್ಮೆ ಇರಲಿ. ಅಷ್ಟಕ್ಕೂ ಬಗ್ಗದಿದ್ದರೆ ಮಂಡಿ ಬದಲಿಸುವ ಆಪರೇಷನ್ ಬಗ್ಗೆ ಮೂಳೆ ಡಾಕ್ಟರ್ ಹತ್ತಿರ ಮಾತಾಡಿ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಖರ್ಚು ಎಷ್ಟು ಸಿಗುತ್ತದೆ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ.

ಪ್ರಶ್ನೆ: ವಯಸ್ಸು 34, ಸಾಫ್ಟ್‌ವೇರ್ ಕೆಲಸ. ಎದೆ ಉರಿ ಅಂತ ಶುರುವಾದ ಪ್ಯಾಂಟೊಪ್ರಜೋಲ್ 40 ಈಗ ನಾಲ್ಕನೇ ವರ್ಷ. ಒಂದು ದಿನ ಬಿಟ್ಟರೆ ಉರಿ ಎರಡರಷ್ಟಾಗುತ್ತದೆ. ಇದು ಅಡಿಕ್ಷನ್ನಾ?
— ಓದುಗರು, ಬೆಂಗಳೂರು

ಉತ್ತರ: ಚಟ ಅಲ್ಲ. ಆದರೆ ಮೈ ಅದಕ್ಕೆ ಒಗ್ಗಿಕೊಂಡಿರುವುದು ನಿಜ. ಈ ಮಾತ್ರೆ ಹೊಟ್ಟೆಯಲ್ಲಿ ಆಸಿಡ್ ತಯಾರಾಗುವ ಪಂಪ್ ಅನ್ನೇ ಮುಚ್ಚುತ್ತದೆ. ಮುಚ್ಚಿದಷ್ಟೂ ಮೈ ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಟ್ಟು, ಆಸಿಡ್ ಮಾಡುವ ಸಾಮರ್ಥ್ಯ ಬೆಳೆಸಿಕೊಳ್ಳುತ್ತಾ ಹೋಗುತ್ತದೆ. ಮಾತ್ರೆ ನಿಂತ ದಿನ ತುಂಬಿದ ಕೆರೆಯ ತೂಬು ಎತ್ತಿದ ಹಾಗೆ. ಈ ಉರಿ ಕಾಯಿಲೆ ವಾಪಸ್ ಬಂದದ್ದರಿಂದಲೇ ಇರಬೇಕೆಂದಿಲ್ಲ, ಮಾತ್ರೆ ಬಿಟ್ಟದ್ದರಿಂದಲೂ ಆಗುತ್ತದೆ. ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಇದು ಗೊತ್ತಿಲ್ಲದೆ ಜನ ಎರಡನೇ ದಿನಕ್ಕೇ ಮತ್ತೆ ಶುರು ಮಾಡುತ್ತಾರೆ.

ಹೊಟ್ಟೆ ಹುಣ್ಣಿನಿಂದ ರಕ್ತ ಹೋದವರಿಗೆ, ಹೃದಯಕ್ಕೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ತಗೊಳ್ಳುವ ವಯಸ್ಸಾದವರಿಗೆ, ಅನ್ನನಾಳ ತೀವ್ರವಾಗಿ ಸುಟ್ಟವರಿಗೆ ಈ ಮಾತ್ರೆ ಬೇಕೇ ಬೇಕು, ಅವರು ಬಿಡಬಾರದು. ನಿಮ್ಮದು ಆ ಗುಂಪು ಅನಿಸುವುದಿಲ್ಲ, ಆದರೂ ಒಮ್ಮೆ ಡಾಕ್ಟರ್ ಹತ್ತಿರ ಖಾತ್ರಿ ಮಾಡಿಕೊಳ್ಳಿ. ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆಯಾಗಬಹುದು, ಮೆಗ್ನೀಸಿಯಂ ಇಳಿಯಬಹುದು, ವಯಸ್ಸಾದವರಲ್ಲಿ ಮೂಳೆ ಮುರಿಯುವ ಅಪಾಯ ಸ್ವಲ್ಪ ಜಾಸ್ತಿ ಕಂಡಿದೆ, ಕರುಳಿನ ಸೋಂಕೂ ಅಷ್ಟೆ. ನೀವು ಸಸ್ಯಾಹಾರಿಯಾಗಿದ್ದರೆ ಬಿ12 ಒಮ್ಮೆ ನೋಡಿಸಲೇಬೇಕು.

ಬಿಡುವ ರೀತಿ ಹೀಗೆ. 40ರಿಂದ 20ಕ್ಕೆ ಇಳಿಸಿ ಕೆಲವು ವಾರ, ಆಮೇಲೆ ದಿನ ಬಿಟ್ಟು ದಿನ, ನಡುವೆ ಉರಿ ಬಂದರೆ ಆಂಟಾಸಿಡ್ ಸಿರಪ್. ಅದರ ಜೊತೆಗೆ ರಾತ್ರಿ 11ಕ್ಕೆ ಊಟ ಮಾಡಿ 11.30ಕ್ಕೆ ಮಲಗುವುದನ್ನು ನಿಲ್ಲಿಸಬೇಕು. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಸಿಗರೇಟ್ ಇದ್ದರೆ ಬಿಡಿ, ಹೊಟ್ಟೆ ಬೊಜ್ಜು ಕರಗಿಸಿ. ತಗೊಳ್ಳುವ ದಿನ ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಿ, ತಿಂದ ಮೇಲೆ ನುಂಗಿದರೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ನುಂಗುವಾಗ ಅನ್ನ ಸಿಕ್ಕಿಕೊಂಡ ಹಾಗಾದರೆ, ತೂಕ ತಾನಾಗಿ ಇಳಿದರೆ, ಮಲ ಕಪ್ಪಗಾದರೆ ಎಂಡೋಸ್ಕೋಪಿ ಮಾಡಿಸಬೇಕು, ತಡ ಮಾಡುವ ಹಾಗಿಲ್ಲ.

ಇನ್ನೊಂದು ಮಾತು. ಇದು ನಿಮಗಷ್ಟೇ ಅಲ್ಲ, ಓದುವ ಎಲ್ಲರಿಗೂ. ನಮ್ಮಲ್ಲಿ ಎದೆಯಲ್ಲಿ ಏನೇ ಆದರೂ ಗ್ಯಾಸ್. ಎದೆ ಬಿಗಿದು, ಬೆವರು ಸುರಿದು, ಎಡಗೈಗೋ ದವಡೆಗೋ ಬೆನ್ನಿಗೋ ನೋವು ಹರಿದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ, ಸೋಡಾ ಕುಡಿದು ಬೆಳಗಿನವರೆಗೆ ಕಾಯಬೇಡಿ. ಇಸಿಜಿ ಮಾಡಿಸಿ. ಶುಗರ್ ಇರುವವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರುಕಟ್ಟು, ಹೊಟ್ಟೆ ತೊಳಸಿದ ಹಾಗೆ ಆಗುವುದೂ ಉಂಟು. ಕೈಲಿ ಗ್ಯಾಸ್ಟ್ರಿಕ್ ಮಾತ್ರೆ ಇದೆ ಅನ್ನುವ ಧೈರ್ಯದಲ್ಲಿ ಆ ಮೊದಲ ಒಂದೆರಡು ಗಂಟೆ ಕಳೆದುಕೊಂಡವರನ್ನು ನೋಡಿದಾಗ ತುಂಬ ಸಂಕಟವಾಗುತ್ತದೆ.

ಪ್ರಶ್ನೆ: ಜ್ವರ ಬಂದ ಕೂಡಲೇ ನಮ್ಮ ಮನೆಯಲ್ಲಿ ಡೋಲೋ 650. ಹಾಸ್ಟೆಲ್‌ನಲ್ಲಿರುವ ಮಗ ದಿನಕ್ಕೆ ನಾಲ್ಕು ನುಂಗಿ, ಮೇಲೆ ನೆಗಡಿ ಮಾತ್ರೆಯನ್ನೂ ಮೂರು ಹೊತ್ತು ತಗೊಂಡೆ ಅಂದ. ಒಂದು ವರ್ಷದ ಮೊಮ್ಮಗಳಿಗೂ ಅದರದ್ದೇ ಡ್ರಾಪ್ಸ್ ಕೊಡುತ್ತೇವೆ. ಎಷ್ಟರವರೆಗೆ ಸೇಫ್?
— ಗೃಹಿಣಿ, ಮೈಸೂರು

ಉತ್ತರ: ಡೋಲೋದಲ್ಲಿರುವ ಪ್ಯಾರಾಸಿಟಮಾಲ್ ಒಳ್ಳೆಯ ಔಷಧಿ. ಲೆಕ್ಕದೊಳಗೆ ತಗೊಂಡರೆ ಹೊಟ್ಟೆಗೂ ಕಿಡ್ನಿಗೂ ನೋವಿನ ಮಾತ್ರೆಗಳಷ್ಟು ತೊಂದರೆ ಕೊಡುವುದಿಲ್ಲ. ಅಪಾಯ ಇರುವುದು ಲಿವರ್‌ಗೆ, ಅದೂ ಲೆಕ್ಕ ತಪ್ಪಿದಾಗ. ಆರೋಗ್ಯವಾಗಿರುವ ದೊಡ್ಡವರಿಗೆ 24 ಗಂಟೆಯಲ್ಲಿ 4000 ಮಿಲಿಗ್ರಾಂ ದಾಟಬಾರದು. ಈಗ ಮಗನ ಲೆಕ್ಕ ನೋಡಿ. 650ರ ನಾಲ್ಕು ಅಂದರೆ 2600. ನೆಗಡಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ, ಹೆಚ್ಚಿನವುಗಳಲ್ಲಿ ಪ್ಯಾರಾಸಿಟಮಾಲ್ 325 ಅಥವಾ 500 ಸೇರಿಸಿಯೇ ಇರುತ್ತಾರೆ. 500ರದ್ದು ಮೂರು ಅಂದರೆ 1500. ಒಟ್ಟು 4100. ಮಗನಿಗೆ ಗೊತ್ತೇ ಇಲ್ಲದೆ ಮಿತಿ ದಾಟಿತು, ಅಲ್ವಾ? ಮೈ ನೋವಿಗೆ ಅಂತ ಕೊಡುವ ಎಷ್ಟೋ ಮಾತ್ರೆಗಳಲ್ಲೂ ಇದು ಸೇರಿರುತ್ತದೆ. ತೂಕ ಕಡಿಮೆ ಇರುವವರು, ಊಟ ಬಿಟ್ಟು ಮಲಗಿರುವವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ, ಅವರು ಕೇಳಿಯೇ ತಗೊಳ್ಳಬೇಕು.

ಮಿತಿ ಮೀರಿದರೆ ಮೊದಲ ದಿನ ಸ್ವಲ್ಪ ವಾಕರಿಕೆ ಅಷ್ಟೆ, ಕೆಲವರಿಗೆ ಅದೂ ಇರುವುದಿಲ್ಲ. ಲಿವರ್ ಕೆಟ್ಟದ್ದು ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಇದಕ್ಕೆ ಎನ್-ಅಸಿಟೈಲ್ ಸಿಸ್ಟೀನ್ ಅನ್ನುವ, ವಿಷ ಇಳಿಸುವ ಔಷಧಿ ಇದೆ, ಮೊದಲ 8 ಗಂಟೆಯೊಳಗೆ ಕೊಟ್ಟರೆ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಯಾರಾದರೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಒಟ್ಟಿಗೆ ಜಾಸ್ತಿ ನುಂಗಿದ್ದರೆ, ಆರಾಮಾಗಿದ್ದಾರಲ್ಲ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊಮ್ಮಗಳ ವಿಷಯದಲ್ಲಿ ಬಾಟಲಿ ನೋಡುವುದು ಬಹಳ ಮುಖ್ಯ. ಡ್ರಾಪ್ಸ್‌ನಲ್ಲಿ 1 ಮಿಲಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಮಿಲಿಗೆ 120 ಅಥವಾ 250. ಮಕ್ಕಳ ಡೋಸ್ ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. 9 ಕೆಜಿ ಮಗುವಿಗೆ ಡ್ರಾಪ್ಸ್ ಆದರೆ 1 ಮಿಲಿ ಸಾಕು, 120ರ ಸಿರಪ್ ಆದರೆ ಸುಮಾರು 4ರಿಂದ 5 ಮಿಲಿ. ಸಿರಪ್ ಅಂದುಕೊಂಡು ಡ್ರಾಪ್ಸ್ ಅನ್ನು 5 ಮಿಲಿ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು. ಅಡುಗೆ ಮನೆ ಚಮಚ ಬೇಡ, ಬಾಟಲಿ ಜೊತೆ ಬಂದ ಅಳತೆಯಲ್ಲೇ ಕೊಡಿ. ಆರು ಗಂಟೆಗೊಮ್ಮೆ, ಜ್ವರದಿಂದ ಮಗು ಕಂಗೆಟ್ಟಿದ್ದರೆ ಮಾತ್ರ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಏನೂ ಕೊಡದೆ ನೇರ ಡಾಕ್ಟರ್ ಹತ್ತಿರ.

ಮಕ್ಕಳ ಕೆಮ್ಮಿನ ಸಿರಪ್ ಅಂಗಡಿಯಿಂದ ತಂದು ಕೊಡುವುದನ್ನು ದಯವಿಟ್ಟು ನಿಲ್ಲಿಸಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಸೇರಿದ್ದ ಸಿರಪ್ ಕುಡಿದು 20ಕ್ಕೂ ಹೆಚ್ಚು ಪುಟ್ಟ ಮಕ್ಕಳು ಕಿಡ್ನಿ ನಿಂತು ತೀರಿಕೊಂಡವು. ಆಗ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಹೇಳಿತು. ಆ ವಿಷದ ಮಾತು ಬಿಟ್ಟರೂ, ಇಷ್ಟು ಸಣ್ಣ ಮಕ್ಕಳ ನೆಗಡಿಗೆ ಈ ಸಿರಪ್‌ಗಳಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ.

ಮಳೆಗಾಲದಲ್ಲಿ ಇನ್ನೊಂದು ನೆನಪಿಡಿ. ಡೆಂಗಿ ಅನುಮಾನ ಇರುವ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಬೇಡ, ಪ್ಲೇಟ್‌ಲೆಟ್ ಇಳಿದಿರುವಾಗ ರಕ್ತಸ್ರಾವವಾಗಬಹುದು. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ಳುವವರು ಅವತ್ತೇ ತಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು, ತಾವಾಗಿ ನಿಲ್ಲಿಸಬಾರದು.

ಪ್ರಶ್ನೆ: ಥೈರಾಯ್ಡ್ ಮದ್ದು ಒಂದು ದಿನವೂ ತಪ್ಪಿಸಿಲ್ಲ. ಆದರೂ ಟಿಎಸ್‌ಎಚ್ ಏರುತ್ತಲೇ ಇದೆ, ಡೋಸೂ ಏರುತ್ತಲೇ ಇದೆ. ಬೆಳಿಗ್ಗೆ ಕಾಫಿ ಜೊತೆಗೇ ತಗೊಳ್ಳುತ್ತೇನೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಯೂ ಆಗಲೇ.
— ಶಿಕ್ಷಕಿ, ಉಡುಪಿ

ಉತ್ತರ: ಕಾರಣ ನಿಮ್ಮ ಪತ್ರದಲ್ಲೇ ಇದೆ ಮೇಡಂ. ಟಿಎಸ್‌ಎಚ್ ಏರಿದೆ ಅಂದರೆ ಥೈರಾಯ್ಡ್ ಮದ್ದು ಮೈಗೆ ಸಾಲುತ್ತಿಲ್ಲ ಅಂತ. ಆ ಮದ್ದು, ಅಂದರೆ ಲಿವೊಥೈರಾಕ್ಸಿನ್, ಬಹಳ ಸೂಕ್ಷ್ಮ ಮಾತ್ರೆ, ಅಳತೆಯೇ ಮೈಕ್ರೋಗ್ರಾಂನಲ್ಲಿ. ಕಾಫಿ ಜೊತೆ ಹೋದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣ ಅದನ್ನು ಕರುಳಿನಲ್ಲೇ ಹಿಡಿದು ನಿಲ್ಲಿಸುತ್ತವೆ. ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ. ಕಾಫಿ ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣ ಕನಿಷ್ಠ ನಾಲ್ಕು ಗಂಟೆ ಬಿಟ್ಟು, ಕ್ಯಾಲ್ಸಿಯಂ ಮಧ್ಯಾಹ್ನ ಊಟಕ್ಕೆ, ಕಬ್ಬಿಣ ರಾತ್ರಿಗೆ ಇಟ್ಟುಕೊಂಡರೆ ಸುಲಭ. ಬಾಟಲಿಯನ್ನು ಅಡುಗೆ ಮನೆ ಒಲೆ ಪಕ್ಕ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಹೀಗೆ ಬದಲಿಸಿಕೊಂಡ ವಿಷಯ ಡಾಕ್ಟರಿಗೆ ಹೇಳಿ, ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಈಗಿರುವ ದೊಡ್ಡ ಡೋಸ್ ಪೂರ್ತಿ ಮೈಗೆ ಹತ್ತಲು ಶುರುವಾದರೆ ಎದೆ ಡವಡವ, ಕೈ ನಡುಕ ಬರಬಹುದು. ಬಂದರೆ ಅಷ್ಟು ದಿನ ಕಾಯದೆ ಹೋಗಿ ತೋರಿಸಿ.

ಚುಟುಕು ಪ್ರಶ್ನೆಗಳು

*ಮೂಗಿನ ಡ್ರಾಪ್ಸ್ ಇಲ್ಲದೆ ನಿದ್ದೆಯೇ ಬರುವುದಿಲ್ಲ, ಆರು ತಿಂಗಳಾಯಿತು (ತುಮಕೂರು).* ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಡ್ರಾಪ್ಸ್ ಒಂದು ವಾರ ದಾಟಬಾರದು. ಅದಕ್ಕಿಂತ ಜಾಸ್ತಿ ಹಾಕಿದರೆ ಡ್ರಾಪ್ಸೇ ಮೂಗು ಕಟ್ಟಿಸುತ್ತದೆ. ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೆ. ನಡುವೆ ಉಪ್ಪುನೀರಿನ ಸ್ಪ್ರೇ. ಇಎನ್‌ಟಿ ಡಾಕ್ಟರು ಬೇರೆ ಸ್ಪ್ರೇ ಕೊಟ್ಟು ಇದನ್ನು ಸಲೀಸು ಮಾಡಬಲ್ಲರು.

*ಮಾವನವರು ನಿದ್ದೆಗೆ ಆಲ್ಪ್ರಜೋಲಾಂ ತಗೊಳ್ಳುತ್ತಾರೆ, ಹತ್ತು ವರ್ಷ ಆಯಿತು, ಈಚೆಗೆ ಎರಡು ಸಲ ಬಿದ್ದರು (ಚಿತ್ರದುರ್ಗ).* ಬಿದ್ದದ್ದಕ್ಕೂ ಮಾತ್ರೆಗೂ ಸಂಬಂಧ ಇರುವ ಸಾಧ್ಯತೆ ಬಹಳ. ವಯಸ್ಸಾದವರಲ್ಲಿ ಇದು ತೂಕಡಿಕೆ, ಮರೆವು, ಜೋಲಿ ತಪ್ಪುವುದನ್ನು ಜಾಸ್ತಿ ಮಾಡುತ್ತದೆ. ಆದರೆ ನೀವು ಮಾತ್ರೆ ಬಚ್ಚಿಡಬೇಡಿ. ಹಠಾತ್ ನಿಂತರೆ ಫಿಟ್ಸ್ ಬರಬಹುದು. ಮಾನಸಿಕ ತಜ್ಞರ ಹತ್ತಿರ ಹೋದರೆ ತಿಂಗಳುಗಳಲ್ಲಿ ಚೂರು ಚೂರೇ ಇಳಿಸುತ್ತಾರೆ. ಅಲ್ಲಿವರೆಗೆ ರಾತ್ರಿ ಬಚ್ಚಲ ಹಾದಿಯಲ್ಲಿ ಒಂದು ದೀಪ ಹಚ್ಚಿಡಿ.

*ನೆಗಡಿಗೆ ಅಜಿತ್ರೋಮೈಸಿನ್ ಮೂರು ದಿನದ ಕೋರ್ಸ್ ಮನೆಯಲ್ಲೇ ಇಟ್ಟುಕೊಂಡಿರುತ್ತೇವೆ (ಕಲಬುರಗಿ).* ಇಟ್ಟುಕೊಳ್ಳಬೇಡಿ. ನೆಗಡಿ ವೈರಸ್‌ನಿಂದ ಬರುವುದು, ಆಂಟಿಬಯಾಟಿಕ್ ಅದನ್ನು ಮುಟ್ಟುವುದೂ ಇಲ್ಲ. ಸುಮ್ನೆ ನುಂಗುತ್ತಾ ಹೋದರೆ ಮೈಯಲ್ಲಿರುವ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತವೆ, ನಾಳೆ ನಿಜವಾಗಿ ನ್ಯುಮೋನಿಯಾ ಬಂದ ದಿನ ಅದೇ ಮಾತ್ರೆ ಕೈಕೊಡುತ್ತದೆ. ಸ್ಟ್ರಿಪ್ ಮೇಲಿನ ಕೆಂಪು ಗೆರೆಗೆ ಅರ್ಥ ಚೀಟಿ ಇಲ್ಲದೆ ಕೊಳ್ಳಬಾರದು ಅಂತ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಅಪ್ಪ, ಅಮ್ಮ ಧಾರವಾಡದಲ್ಲಿ. ಅಪ್ಪನಿಗೆ 74. ಮೂವರು ಡಾಕ್ಟರು, ಒಟ್ಟು 11 ಮಾತ್ರೆ. ಯಾವುದು ಯಾತಕ್ಕೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ದೂರದಿಂದ ಏನು ಮಾಡಬಹುದು?
— ಮಗ

ಉತ್ತರ: ತುಂಬ ಮಾಡಬಹುದು. ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಾತ್ರೆ ಡಬ್ಬಿ ತರಿಸಿ. ಒಂದೊಂದು ಸ್ಟ್ರಿಪ್ಪನ್ನೂ ಕ್ಯಾಮೆರಾ ಮುಂದೆ ಹಿಡಿಸಿ, ದೊಡ್ಡ ಅಕ್ಷರದ ಕಂಪನಿ ಹೆಸರು ಬಿಟ್ಟು, ಸಣ್ಣ ಅಕ್ಷರದಲ್ಲಿರುವ ಔಷಧಿ ಹೆಸರು ಮತ್ತು ಮಿಲಿಗ್ರಾಂ ಬರೆದುಕೊಳ್ಳಿ. ಟೆಲ್ಮಾ ಅನ್ನುವುದೂ ಟೆಲ್ಸಾರ್ಟಾನ್ ಅನ್ನುವುದೂ ಒಂದೇ ಟೆಲ್ಮಿಸಾರ್ಟಾನ್. ಹೃದಯದ ಡಾಕ್ಟರು ಒಂದನ್ನು, ಶುಗರ್ ಡಾಕ್ಟರು ಇನ್ನೊಂದನ್ನು ಬರೆದು, ಅಪ್ಪ ಎರಡನ್ನೂ ನುಂಗುತ್ತಿರುವುದು ಅಪರೂಪವೇನಲ್ಲ. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಕಡೆ ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ.

ಆಮೇಲೆ ಆ ಪಟ್ಟಿಯನ್ನು ಮೂವರಲ್ಲಿ ಅಪ್ಪ ಹೆಚ್ಚು ನಂಬುವ ಒಬ್ಬರ ಮುಂದೆ ಇಡಬೇಕು. ಅಮ್ಮನ ಕೈಲಿ ಎಲ್ಲ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿ ಕಳಿಸಿ. ಆಯುರ್ವೇದದ್ದು, ನಾಟಿ ಔಷಧಿ, ಟಾನಿಕ್ ಕೂಡ ಬರಲಿ. ಕೇಳಬೇಕಾದ ಕೆಲವು ವಿಷಯ ಹೇಳುತ್ತೇನೆ. ಅಪ್ಪ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ತಗೊಳ್ಳುತ್ತಿದ್ದರೆ ಬಿ12 ನೋಡಿಸಿದ್ದಾರಾ? ಅಂಗಾಲು ಉರಿ ಪ್ರತಿ ಸಲವೂ ಶುಗರ್‌ನಿಂದಲೇ ಬರುವುದಿಲ್ಲ, ಬಿ12 ಇಳಿದರೂ ಉರಿಯುತ್ತದೆ. ಕಿಡ್ನಿ ಪರೀಕ್ಷೆಗೆ ತಕ್ಕಂತೆ ಡೋಸ್ ಇದೆಯಾ? ಹೃದಯದ ಕಾಯಿಲೆಯೇ ಇಲ್ಲದೆ, ಸುಮ್ನೆ ಒಳ್ಳೆಯದು ಅಂತ ಆಸ್ಪಿರಿನ್ 75 ನಡೆಯುತ್ತಿದೆಯಾ? 2018ರಲ್ಲಿ ಪ್ರಕಟವಾದ, ಆಸ್ಟ್ರೇಲಿಯ ಮತ್ತು ಅಮೆರಿಕದ 19 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ, ಆರೋಗ್ಯವಾಗಿದ್ದವರಿಗೆ ದಿನದ ಆಸ್ಪಿರಿನ್‌ನಿಂದ ಹೃದಯಕ್ಕೆ ಲಾಭ ಕಾಣಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ಆದರೆ ಅಪ್ಪನಿಗೆ ಸ್ಟೆಂಟ್ ಹಾಕಿದ್ದರೆ, ಅಟ್ಯಾಕ್ ಅಥವಾ ಲಕ್ವ ಆಗಿದ್ದರೆ ಆಸ್ಪಿರಿನ್ ಅವರಿಗೆ ಅತ್ಯಗತ್ಯ. ಫೋನ್‌ನಲ್ಲಿ ನೀವು ಯಾವ ಮಾತ್ರೆಯನ್ನೂ ನಿಲ್ಲಿಸಿ ಅಂತ ಹೇಳಬೇಡಿ. ಪ್ರಶ್ನೆ ನಿಮ್ಮದಿರಲಿ, ತೀರ್ಮಾನ ಡಾಕ್ಟರದ್ದು.

ಖರ್ಚಿನ ಮಾತು ಬರೆದಿಲ್ಲ, ಆದರೂ ಹೇಳುತ್ತೇನೆ. ಜನೌಷಧಿ ಕೇಂದ್ರದಲ್ಲಿ ಬಿಪಿ, ಶುಗರ್, ಕೊಲೆಸ್ಟರಾಲ್ ಮಾತ್ರೆಗಳು ಬಹಳ ಅಗ್ಗಕ್ಕೆ ಸಿಗುತ್ತವೆ. ದುಡ್ಡು ಉಳಿಸಲು ದಿನ ಬಿಟ್ಟು ದಿನ ಬಿಪಿ ಮಾತ್ರೆ ನುಂಗುವ ಹಿರಿಯರು ಎಷ್ಟೋ ಜನ ಇದ್ದಾರೆ, ಮಕ್ಕಳಿಗೆ ಹೇಳಿರುವುದಿಲ್ಲ. ಅಪ್ಪನನ್ನು ಮೆಲ್ಲಗೆ ಕೇಳಿ ನೋಡಿ. ಅಲ್ಲಿಗೆ ಹೋಗುವಾಗಲೂ ಔಷಧಿ ಹೆಸರು, ಮಿಲಿಗ್ರಾಂ ಬರೆದ ಅದೇ ಪಟ್ಟಿ ಜೇಬಿನಲ್ಲಿರಲಿ, ಇಲ್ಲದಿದ್ದರೆ ಹಳೆಯ ಸ್ಟ್ರಿಪ್ಪೂ ಹೊಸ ಸ್ಟ್ರಿಪ್ಪೂ ಒಟ್ಟಿಗೆ ನಡೆದು ಮತ್ತೆ ಡಬಲ್ ಆದೀತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಖಾನೆ ಇರುವ ವಾರದ ಡಬ್ಬಿ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ. ಪ್ರತಿ ಭಾನುವಾರ ಕಾಲ್ ಮಾಡಿದಾಗ ಅಮ್ಮ ಅದನ್ನು ತುಂಬಿಸುವಾಗ ನೀವು ಜೊತೆಗಿದ್ದು ಪಟ್ಟಿ ಓದಿ ಹೇಳಿ.